ಕಿಲಿಮಂಜಾರೋ ಹತ್ತುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಗಳು

ಕಿಲಿಮಂಜಾರೋಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ಐದು ದಿನದ ಟ್ರೆಕ್ ತೆಗೆದುಕೊಂಡು, 4,720 ಮೀಟರ್ ಎತ್ತರದ ಕೀಬೋ ಹಟ್‌ನಲ್ಲಿ ರಾತ್ರಿಯಿಡೀ ವಾಂತಿ ಮಾಡಿಕೊಂಡು ಇಳಿದು ಬಂದೆ. ಮೂರು ವರ್ಷ ಬಿಟ್ಟು ಮಚಾಮೆ ದಾರಿಯಲ್ಲಿ ಏಳು ದಿನ ತೆಗೆದುಕೊಂಡು ತುದಿ ಮುಟ್ಟಿದೆ. ಆಗ ನನಗೆ 46 ವರ್ಷ. ಅವತ್ತಿನಿಂದ ಗೆಳತಿಯರು, ಅವರ ಗೆಳತಿಯರು, ಪರಿಚಯವೇ ಇಲ್ಲದವರು ಫೋನ್ ಮಾಡಿ ಕೇಳುತ್ತಲೇ ಇದ್ದಾರೆ. ಎಲ್ಲರಿಗೂ ಹೇಳಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಎಷ್ಟು ಎತ್ತರ ಅಂದರೆ ಎಷ್ಟು?

5,895 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಮೂರು ಮುಳ್ಳಯ್ಯನಗಿರಿ ಒಂದರ ಮೇಲೊಂದು ಇಟ್ಟರೂ ಇನ್ನೂ ನೂರು ಮೀಟರ್ ಕಡಿಮೆ ಬೀಳುತ್ತದೆ. ಆಫ್ರಿಕಾದಲ್ಲಿ ಇದಕ್ಕಿಂತ ಎತ್ತರದ ಜಾಗ ಇಲ್ಲ. ಇರುವುದು ಟಾಂಜಾನಿಯಾದಲ್ಲಿ, ಕೀನ್ಯಾ ಗಡಿಗೆ ಹತ್ತಿರ. ಇದು ಜ್ವಾಲಾಮುಖಿ ಬೆಟ್ಟ. ಶಿರಾ, ಮಾವೆಂಜಿ, ಕೀಬೋ ಅಂತ ಮೂರು ಬಾಯಿಗಳು. ನಾವು ಹತ್ತುವುದು ಕೀಬೋ. ಅದರ ಅಂಚಿನ ಅತಿ ಎತ್ತರದ ಜಾಗವೇ ಉಹುರು. ಉಹುರು ಅಂದರೆ ಸ್ವಾಹಿಲಿಯಲ್ಲಿ ಸ್ವಾತಂತ್ರ್ಯ. 1961ರಲ್ಲಿ ದೇಶ ಸ್ವತಂತ್ರವಾದಾಗ ಅಲ್ಲಿಗೆ ಪಂಜು ಹೊತ್ತು ಹೋಗಿದ್ದರು.

ಹಗ್ಗ ಹಿಡಿದು ಹತ್ತಬೇಕಾ?

ಬೇಡ. ಪೂರ್ತಿ ನಡಿಗೆ. ಬರಾಂಕೋ ಗೋಡೆ ಅನ್ನುವ ಒಂದು ಕಡೆ ಮಾತ್ರ ಒಂದೂವರೆ ಗಂಟೆ ಕೈಗೂ ಕೆಲಸ ಇರುತ್ತದೆ. ಅಲ್ಲೊಂದು ಬಂಡೆಯನ್ನು ತಬ್ಬಿಕೊಂಡು ದಾಟಬೇಕು. ಗೈಡ್ ಕಾಲು ಎಲ್ಲಿಡಬೇಕು ಅಂತ ತೋರಿಸುತ್ತಾರೆ. ಕೆಳಗಿನಿಂದ ನೋಡಿದಾಗ ಆಗುವ ಹೆದರಿಕೆ, ಹತ್ತಲು ಶುರು ಮಾಡಿದ ಮೇಲೆ ಇರುವುದಿಲ್ಲ. ನನಗಂತೂ ಇಡೀ ಟ್ರೆಕ್‌ನಲ್ಲಿ ಖುಷಿ ಕೊಟ್ಟ ಬೆಳಗ್ಗೆ ಅದೇ.

ಎಷ್ಟು ದಿನದ ಟ್ರೆಕ್ ತೆಗೆದುಕೊಳ್ಳಲಿ? ಐದು ದಿನದ್ದು ತುಂಬಾ ಅಗ್ಗ ಇದೆ.

ದಯವಿಟ್ಟು ಬೇಡ. ಏಳು ದಿನಕ್ಕಿಂತ ಕಡಿಮೆ ತೆಗೆದುಕೊಳ್ಳಬೇಡಿ. ಎಂಟಾದರೆ ಇನ್ನೂ ಒಳ್ಳೆಯದು. ಇಲ್ಲಿ ಕಾಲಿನ ಬಲಕ್ಕಿಂತ ದಿನಗಳ ಲೆಕ್ಕ ಮುಖ್ಯ.

ಕಾರಣ ಇಷ್ಟೇ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ತುದಿಯಲ್ಲಿ ಒಂದು ಉಸಿರಿಗೆ ಸಿಗುವ ಆಕ್ಸಿಜನ್ ಸಮುದ್ರಮಟ್ಟದಲ್ಲಿ ಸಿಗುವುದರ ಹೆಚ್ಚು ಕಡಿಮೆ ಅರ್ಧ. ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ. ಆದರೆ ಅದಕ್ಕೆ ರಾತ್ರಿಗಳು ಬೇಕು. ಹಗಲು ಎತ್ತರಕ್ಕೆ ಹೋಗಿ ರಾತ್ರಿ ತಗ್ಗಿನಲ್ಲಿ ಮಲಗಿದರೆ ಬೇಗ ಒಗ್ಗುತ್ತದೆ. ಮಚಾಮೆ ದಾರಿಯ ಮೂರನೇ ದಿನ ನೋಡಿ. ಶಿರಾ ಕ್ಯಾಂಪ್‌ನಿಂದ ಹೊರಟು 4,600 ಮೀಟರ್ ದಾಟಿ ಲಾವಾ ಟವರ್ ಎಂಬ ದೊಡ್ಡ ಬಂಡೆಯ ಹತ್ತಿರ ಊಟ. ಅಲ್ಲಿ ಎಲ್ಲರಿಗೂ ತಲೆ ಭಾರ. ಆಮೇಲೆ 3,900 ಮೀಟರ್ ಚಿಲ್ಲರೆ ಎತ್ತರದ ಬರಾಂಕೋ ಕ್ಯಾಂಪ್‌ಗೆ ಇಳಿದು ನಿದ್ದೆ. ಇಡೀ ದಿನ ನಡೆದು, ಹೊರಟಷ್ಟೇ ಎತ್ತರಕ್ಕೆ ವಾಪಸ್ ಬಂದೆವಲ್ಲಾ ಅಂತ ಬೇಜಾರಾಗುತ್ತದೆ. ತುದಿ ಮುಟ್ಟಿಸುವುದು ಆ ದಿನವೇ.

ನಾನು ಮೊದಲ ಸಲ ಹೋದಾಗ ಇದನ್ನೆಲ್ಲ ಯಾರೂ ಹೇಳಲಿಲ್ಲ. ಟ್ರೆಕ್ ಮಾರಿದವರು "ನೀವು ಫಿಟ್ ಇದ್ದೀರಿ, ಐದು ದಿನ ಸಾಕು ಮೇಡಂ" ಅಂದರು. ನಾನೂ ನಂಬಿದೆ. ಉಳಿಸಿದ ದುಡ್ಡಿಗಿಂತ ಎಷ್ಟೋ ಪಟ್ಟು ಜಾಸ್ತಿ ಎರಡನೇ ಸಲ ಖರ್ಚಾಯಿತು.

ಯಾವ ದಾರಿ ಒಳ್ಳೆಯದು?

ಲೆಮೋಶೋ ಎಂಟು ದಿನ, ಅದಾಗದಿದ್ದರೆ ಮಚಾಮೆ ಏಳು ದಿನ. ಲೆಮೋಶೋ ಪಶ್ಚಿಮದಿಂದ ಬರುತ್ತದೆ, ಮೊದಲೆರಡು ದಿನ ಜನ ಕಡಿಮೆ, ನೋಟವೂ ಚೆನ್ನ. ಮರಾಂಗು ದಾರಿಯಲ್ಲಿ ಟೆಂಟ್ ಬದಲು ಮರದ ಮನೆಗಳಿವೆ, ಮಂಚ ಇದೆ. ಆದರೆ ಹತ್ತುವುದು, ಇಳಿಯುವುದು ಒಂದೇ ದಾರಿ. ಎತ್ತರಕ್ಕೆ ಒಗ್ಗುವ ಅವಕಾಶ ಕಡಿಮೆ. ಅದರಲ್ಲೇ ಹೋಗುವುದಾದರೆ ಹೊರೊಂಬೋ ಹಟ್‌ನಲ್ಲಿ ಒಂದು ರಾತ್ರಿ ಜಾಸ್ತಿ ಉಳಿಯಲೇಬೇಕು. ರೊಂಗಾಯ್ ದಾರಿ ಉತ್ತರದ ಕಡೆಯದು, ಮಳೆ ಕಡಿಮೆ. ಉಂಬ್ವೆ ತುಂಬಾ ಕಡಿದು, ಮೊದಲ ಸಲದವರಿಗೆ ಬೇಡ.

ಗೈಡ್ ಇಲ್ಲದೆ ಹೋಗಬಹುದಾ?

ಇಲ್ಲ. ನೋಂದಾಯಿತ ಗೈಡ್ ಕಡ್ಡಾಯ. ಗೇಟ್‌ನಲ್ಲೇ ತಡೆಯುತ್ತಾರೆ. ಮತ್ತೆ, ಗೈಡ್ ಇಲ್ಲದೆ ಈ ಬೆಟ್ಟ ಹತ್ತಿದ ಚರಿತ್ರೆಯೂ ದೊಡ್ಡದಿಲ್ಲ. 1889ರಲ್ಲಿ ಮೊದಲು ತುದಿ ಮುಟ್ಟಿದವರು ಅಂತ ಪುಸ್ತಕಗಳಲ್ಲಿ ಹಾನ್ಸ್ ಮೇಯರ್, ಲುಡ್ವಿಗ್ ಪುರ್ಟ್‌ಶೆಲ್ಲರ್ ಹೆಸರು ಇರುತ್ತದೆ. ಅವರಿಗೆ ದಾರಿ ತೋರಿಸಿದ್ದು ಮರಾಂಗು ಊರಿನ ಚಗ್ಗಾ ಯುವಕ ಯೊಹಾನಿ ಕಿನ್ಯಾಲಾ ಲಾವೊ ಅಂತ ಅಲ್ಲಿನವರು ಹೇಳುತ್ತಾರೆ. ಬೆಟ್ಟದ ಬುಡದಲ್ಲಿ ಬಾಳೆ, ಕಾಫಿ ಬೆಳೆಯುವ ಜನ ಈ ಚಗ್ಗಾಗಳು. ಇವತ್ತಿಗೂ ಗೈಡ್‌ಗಳಲ್ಲಿ ಬಹಳ ಜನ ಅವರೇ.

ಪೋಲೆ ಪೋಲೆ ಅಂದರೇನು?

ನಿಧಾನ, ನಿಧಾನ. ದಿನಕ್ಕೆ ನೂರು ಸಲ ಕೇಳುತ್ತೀರಿ. ಮುಂದೆ ನಡೆಯುವ ಗೈಡ್ ಎಷ್ಟು ನಿಧಾನ ಹೆಜ್ಜೆ ಹಾಕುತ್ತಾರೆ ಅಂದರೆ, ಮೊದಲ ದಿನ ಕಾಡಿನಲ್ಲಿ ನಿಮಗೆ ಹಿಂಸೆಯಾಗುತ್ತದೆ. ಕುಮಾರ ಪರ್ವತವನ್ನು ಒಂದೇ ಉಸಿರಿಗೆ ಹತ್ತುವ ಹುಡುಗರು ಅವರನ್ನು ದಾಟಿ ಮುಂದೆ ಓಡುತ್ತಾರೆ. ದಾಟಬೇಡಿ. ಮಾತಾಡುತ್ತಾ ನಡೆಯಲು ಆಗಬೇಕು, ಅಷ್ಟೇ ವೇಗ. ಏದುಸಿರು ಬಂದರೆ ಜಾಸ್ತಿ ಆಯಿತು ಅಂತ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿದ್ದವನು 28 ವರ್ಷದ ಹುಡುಗ, ಮ್ಯಾರಥಾನ್ ಓಡುವವನು. ಕರಂಗಾ ಕ್ಯಾಂಪ್‌ನಲ್ಲಿ ಅವನೊಬ್ಬನೇ ಊಟ ಮುಟ್ಟದೆ ಕೂತಿದ್ದ. ಮಾರನೇ ದಿನ ಹಿಂದೆ ಬಂದು, ನನ್ನ ಜೊತೆ ನಡೆದು, ತುದಿ ಸೇರಿದ.

ಎತ್ತರದ ಕಾಯಿಲೆ ಬಂದರೆ ಹೇಗೆ ಗೊತ್ತಾಗುತ್ತದೆ?

ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ, ನಿದ್ದೆ ಬಾರದಿರುವುದು, ಸುಸ್ತು. ಇಷ್ಟು ಸ್ವಲ್ಪ ಸ್ವಲ್ಪ ಎಲ್ಲರಿಗೂ ಬರುತ್ತದೆ. ಗೈಡ್ ಬೆಳಗ್ಗೆ, ಸಂಜೆ ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಾರೆ. ಊಟ ಸೇರಿತಾ, ಮೂತ್ರ ಸರಿಯಾಗಿ ಆಯಿತಾ ಅಂತ ಕೇಳುತ್ತಾರೆ. ನಾಚಿಕೆ ಬಿಟ್ಟು ನಿಜ ಹೇಳಿ. ಕೆಳಗೆ ಕಳಿಸಿಬಿಡುತ್ತಾರೆ ಅಂತ ಹೆದರಿ ತಲೆನೋವು ಮುಚ್ಚಿಡುವವರೇ ದೊಡ್ಡ ಅಪಾಯಕ್ಕೆ ಸಿಗುವುದು. ನಾನು ಮೊದಲ ಸಲ ಮಾಡಿದ ತಪ್ಪು ಅದೇ.

ಎರಡು ವಿಷಯ ಮಾತ್ರ ಚೆನ್ನಾಗಿ ನೆನಪಿಡಿ. ಸುಮ್ನೆ ಕೂತಾಗಲೂ ಉಸಿರು ಸಿಗುತ್ತಿಲ್ಲ, ಕೆಮ್ಮು ಬಿಡುತ್ತಿಲ್ಲ, ಎದೆಯಲ್ಲಿ ಗೊರಗೊರ ಸದ್ದು ಅಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಮಾತು ತಡವರಿಸುತ್ತಿದೆ, ಹೆಜ್ಜೆಗೆ ಹೆಜ್ಜೆ ತಾಗಿಸಿ ನೇರ ಗೆರೆಯ ಮೇಲೆ ನಡೆಯಲು ಆಗುತ್ತಿಲ್ಲ ಅಂದರೆ ಮಿದುಳು ಊದಿಕೊಳ್ಳುತ್ತಿದೆ. ಎರಡೂ ಜೀವ ತೆಗೆಯುತ್ತವೆ. ಬೆಳಗಾಗಲಿ ಅಂತ ಕಾಯಬಾರದು. ಕೂಡಲೇ ಇಳಿಯಬೇಕು, ನಡುರಾತ್ರಿ ಆದರೂ.

ಎತ್ತರದ ಕಾಯಿಲೆ ಬರದಂತೆ ಡಯಾಮಾಕ್ಸ್ ಮಾತ್ರೆ ತೆಗೆದುಕೊಳ್ಳಲಾ?

ನಿಮ್ಮ ಡಾಕ್ಟರನ್ನು ಕೇಳಿ ತೆಗೆದುಕೊಳ್ಳಿ. ಸಾಮಾನ್ಯವಾಗಿ 125 ಮಿಲಿಗ್ರಾಂ ದಿನಕ್ಕೆರಡು ಸಲ ಕೊಡುತ್ತಾರೆ. ಸಲ್ಫಾ ಔಷಧಿ ಅಲರ್ಜಿ ಇದ್ದರೆ ಮೊದಲೇ ಹೇಳಿ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರಕ್ಕೆ ಮತ್ತೆ ಮತ್ತೆ ಏಳಬೇಕಾಗುತ್ತದೆ. ಈ ಮಾತ್ರೆ ದೇಹ ಒಗ್ಗಿಕೊಳ್ಳಲು ಸಹಾಯ ಮಾಡುತ್ತದೆ, ಅಷ್ಟೇ. ಮಾತ್ರೆ ಇದೆಯಲ್ಲ ಅಂತ ದಿನ ಕಡಿಮೆ ಮಾಡಬೇಡಿ.

ಪೋರ್ಟರ್‌ಗಳು ನಿಜವಾಗಲೂ ಬೇಕಾ? ನನ್ನ ಬ್ಯಾಗು ನಾನೇ ಹೊರುತ್ತೇನೆ.

ನಿಮ್ಮ ಬ್ಯಾಗು ಬಿಡಿ, ಟೆಂಟು, ಗ್ಯಾಸ್, ಅಕ್ಕಿ, ಮೊಟ್ಟೆ, ಕುರ್ಚಿ, ಪಾತ್ರೆ? ಏಳು ದಿನ ಮೇಲೆ ಅಂಗಡಿ ಇಲ್ಲ. ನಾವು ಆರು ಜನರಿಗೆ ಗೈಡ್, ಅಡುಗೆಯವರು, ಪೋರ್ಟರ್ ಎಲ್ಲ ಸೇರಿ ಇಪ್ಪತ್ತಕ್ಕೂ ಜಾಸ್ತಿ ಜನ ಇದ್ದರು. ಕರಂಗಾ ಬಿಟ್ಟ ಮೇಲೆ ನೀರಿನ ತೊರೆ ಇಲ್ಲ. ಬರಾಫು ಕ್ಯಾಂಪ್‌ನಲ್ಲಿ ನೀವು ಕುಡಿಯುವ ಪ್ರತಿ ಲೋಟ ನೀರನ್ನೂ ಒಬ್ಬರು ಕೆಳಗಿನ ಕಣಿವೆಯಿಂದ ಹೊತ್ತು ತಂದಿರುತ್ತಾರೆ. ಇದು ಗೊತ್ತಾದ ದಿನದಿಂದ ನಾನು ಲೋಟದಲ್ಲಿ ನೀರು ಬಿಟ್ಟಿಲ್ಲ.

ಒಬ್ಬರು 20 ಕೆಜಿಗಿಂತ ಹೆಚ್ಚು ಹೊರುವಂತಿಲ್ಲ ಅಂತ ಪಾರ್ಕಿನ ನಿಯಮ ಇದೆ. ಗೇಟ್‌ನಲ್ಲಿ ತೂಕ ಹಾಕುತ್ತಾರೆ. ಅದಕ್ಕೇ ನಿಮ್ಮ ದೊಡ್ಡ ಬ್ಯಾಗು 15 ಕೆಜಿ ಮೀರಬಾರದು. ಮೀರಿದ್ದು ಯಾರದೋ ತಲೆಯ ಮೇಲೆ ಹೋಗುತ್ತದೆ. ಹೌದು, ತಲೆಯ ಮೇಲೆಯೇ. ಕತ್ತು ಅಲುಗದ ಹಾಗೆ ಹೊತ್ತುಕೊಂಡು ನಮ್ಮನ್ನು ದಾಟಿ ಹೋಗುತ್ತಾರೆ. ಅವರು ಬಂದಾಗ ಬೆಟ್ಟದ ಬದಿಗೆ ಸರಿದು ದಾರಿ ಬಿಡಿ, ಕಣಿವೆಯ ಕಡೆಗಲ್ಲ.

ನನ್ನ ಬ್ಯಾಗು ಹೊತ್ತ ಹುಡುಗನಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವರ್ಷ. ಬರಾಂಕೋ ಕ್ಯಾಂಪ್‌ನಲ್ಲಿ ಅವನ ಬಲಗಾಲಿನ ಶೂ ನೋಡಿದೆ. ಸೋಲ್ ಮುಂದೆ ಬಾಯಿ ಬಿಟ್ಟಿತ್ತು. ನೀಲಿ ನೈಲಾನ್ ಹಗ್ಗವನ್ನು ಎರಡು ಸುತ್ತು ಸುತ್ತಿ ಮೇಲೆ ಗಂಟು ಹಾಕಿದ್ದ. ಗಂಟು ಕಲ್ಲಿಗೆ ಉಜ್ಜಿ ಸವೆಯಬಾರದು ಅಂತ ಅದನ್ನು ಮೇಲೆ ತಂದಿದ್ದ. ನನ್ನ ಕಾಲಲ್ಲಿ ಹದಿನಾಲ್ಕು ಸಾವಿರ ರೂಪಾಯಿ ಶೂ ಇತ್ತು, ಬೆನ್ನ ಮೇಲೆ ಐದು ಕೆಜಿ. ಅವನ ತಲೆಯ ಮೇಲೆ ಇಪ್ಪತ್ತು.

ಎಷ್ಟು ಖರ್ಚಾಗುತ್ತದೆ? ಯಾಕಿಷ್ಟು ದುಬಾರಿ?

ಏಳು ದಿನಕ್ಕೆ, ವಿಮಾನ ಬಿಟ್ಟು, ಒಬ್ಬರಿಗೆ ಸುಮಾರು 2,000ದಿಂದ 2,800 ಡಾಲರ್ ಅಂತ ಇಟ್ಟುಕೊಳ್ಳಿ. ನಾನು ಹೋದಾಗ ಪಾರ್ಕಿನ ಶುಲ್ಕವೇ ದಿನಕ್ಕೆ 70 ಡಾಲರ್, ಕ್ಯಾಂಪಿಗೆ ರಾತ್ರಿಗೆ 50, ಅದರ ಮೇಲೆ ಶೇ. 18 ತೆರಿಗೆ. ಅಂದರೆ ಏಳು ದಿನಕ್ಕೆ ಒಂಬೈನೂರು ಡಾಲರ್ ಮೇಲೆ ಅಲ್ಲೇ ಹೋಯಿತು. ಅದು ಯಾವ ಕಂಪನಿಗೂ ಕಡಿಮೆಯಾಗುವುದಿಲ್ಲ. ಹಾಗಿದ್ದೂ ಒಬ್ಬರು 1,200ಕ್ಕೆ ಕರೆದುಕೊಂಡು ಹೋಗುತ್ತೇವೆ ಅಂದರೆ ಎಲ್ಲಿಂದ ಉಳಿಸುತ್ತಾರೆ? ಕೂಲಿಯಿಂದ, ಪೋರ್ಟರ್‌ಗಳ ಊಟದಿಂದ, ಅವರ ಟೆಂಟಿನಿಂದ.

ಬುಕ್ ಮಾಡುವ ಮುಂಚೆ ಕಂಪನಿಯವರಿಗೆ ಮೂರು ಪ್ರಶ್ನೆ ಕೇಳಿ. ಪೋರ್ಟರ್‌ಗೆ ದಿನಕ್ಕೆ ಎಷ್ಟು ಕೊಡುತ್ತೀರಿ? ದಿನಕ್ಕೆ ಎಷ್ಟು ಸಲ ಊಟ ಹಾಕುತ್ತೀರಿ? ಎಲ್ಲಿ ಮಲಗಿಸುತ್ತೀರಿ? ತಡವರಿಸದೆ ಉತ್ತರ ಕೊಡುವವರ ಜೊತೆ ಹೋಗಿ. ಬೆಟ್ಟದ ಬುಡದ ಮೋಶಿ ಪಟ್ಟಣದಲ್ಲಿ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅಂತ ಒಂದು ಸಂಸ್ಥೆ ಇದೆ. ಪೋರ್ಟರ್‌ಗಳನ್ನು ಸರಿಯಾಗಿ ನೋಡಿಕೊಳ್ಳುವ ಕಂಪನಿಗಳ ಪಟ್ಟಿ ಅವರಲ್ಲಿ ಸಿಗುತ್ತದೆ. ನಾನು ಎರಡನೇ ಸಲ ಆರಿಸಿದ್ದು ಆ ಪಟ್ಟಿ ನೋಡಿಯೇ.

ಟಿಪ್ ಕೊಡಲೇಬೇಕಾ?

ಕೊಡಲೇಬೇಕು. ಅಲ್ಲಿ ಅದು ಸಂಬಳದ ಭಾಗ. ಒಬ್ಬ ಚಾರಣಿಗರು ಸಾಮಾನ್ಯವಾಗಿ 200ರಿಂದ 300 ಡಾಲರ್ ತೆಗೆದಿಡುತ್ತಾರೆ. ಚಿಲ್ಲರೆ ನೋಟು ಇಟ್ಟುಕೊಳ್ಳಿ, ಹರಿದ ಹಳೆ ಡಾಲರ್ ಬೇಡ. ಎಲ್ಲರ ಮುಂದೆ, ಯಾರಿಗೆಷ್ಟು ಅಂತ ಓದಿ ಹೇಳಿ ಕೊಡಿ. ಆಗ ದುಡ್ಡು ನಡುವೆ ಎಲ್ಲೂ ನಿಲ್ಲುವುದಿಲ್ಲ.

ಯಾವ ತಿಂಗಳು ಹೋಗಬೇಕು?

ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ, ಇಲ್ಲವೇ ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ. ಮಾರ್ಚ್ ಮಧ್ಯದಿಂದ ಮೇವರೆಗೆ ದೊಡ್ಡ ಮಳೆಗಾಲ, ನವೆಂಬರ್‌ನಲ್ಲಿ ಸಣ್ಣ ಮಳೆ. ಮಕ್ಕಳ ಬೇಸಿಗೆ ರಜೆ ಅಂತ ಏಪ್ರಿಲ್‌ನಲ್ಲಿ ಹೊರಡಬೇಡಿ. ಹುಣ್ಣಿಮೆಗೆ ತುದಿ ಸೇರುವ ಹಾಗೆ ದಿನ ಹೊಂದಿಸಿಕೊಂಡರೆ ರಾತ್ರಿ ಬೆಳಕು ಚೆನ್ನಾಗಿರುತ್ತದೆ.

ಕರ್ನಾಟಕದಲ್ಲೇ ಇದ್ದುಕೊಂಡು ಹೇಗೆ ತಯಾರಾಗುವುದು?

ಎತ್ತರಕ್ಕೆ ಇಲ್ಲಿ ತಯಾರಾಗಲು ಆಗುವುದಿಲ್ಲ, ಅಷ್ಟು ಎತ್ತರ ನಮ್ಮಲ್ಲಿಲ್ಲ. ಕಾಲು, ಬೆನ್ನು, ಶೂ ಮೂರನ್ನೂ ತಯಾರು ಮಾಡಬಹುದು. ನಾನು ಐದು ತಿಂಗಳು ಮಾಡಿದ್ದು ಇಷ್ಟು: ವಾರಕ್ಕೆ ಎರಡು ದಿನ ಬೆಳಗ್ಗೆ ಐದಕ್ಕೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು, ಆರು ಕೆಜಿ ಬ್ಯಾಗಿನ ಜೊತೆ. ಹತ್ತುವುದಷ್ಟೇ ಅಲ್ಲ, ಇಳಿಯುವುದನ್ನೂ ಅಭ್ಯಾಸ ಮಾಡಬೇಕು, ಮಂಡಿ ಹೋಗುವುದು ಇಳಿಯುವಾಗಲೇ. ತಿಂಗಳಿಗೊಮ್ಮೆ ಒಂದು ದೊಡ್ಡ ನಡಿಗೆ: ಕುಮಾರ ಪರ್ವತ, ತಡಿಯಂಡಮೋಳ್, ಕುದುರೆಮುಖ. ಕುಮಾರ ಪರ್ವತವನ್ನು ಎರಡು ದಿನದಲ್ಲಿ ಹತ್ತಿಳಿದು, ಮೂರನೇ ದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯದಿದ್ದರೆ ನಿಮ್ಮ ಕಾಲು ತಯಾರಾಗಿದೆ. ಶೂ ಹೊಸದು ತಂದು ನೇರ ಅಲ್ಲಿಗೆ ಹಾಕಿಕೊಂಡು ಹೋಗಬೇಡಿ. ಕನಿಷ್ಠ ಎಂಬತ್ತು ಕಿಲೋಮೀಟರ್ ನಡೆದಿರಬೇಕು.

ವಯಸ್ಸು? ಬಿಪಿ, ಶುಗರ್ ಇದ್ದರೆ?

ತುದಿಗೆ ಹೋಗಲು ಕನಿಷ್ಠ ವಯಸ್ಸು 10. ಮೇಲಿನ ಮಿತಿ ಇಲ್ಲ. ಅರವತ್ತು ದಾಟಿದವರು ಆರಾಮಾಗಿ ಹತ್ತುವುದನ್ನು ನೋಡಿದ್ದೇನೆ, ಅವರು ಅವಸರ ಮಾಡುವುದಿಲ್ಲವಲ್ಲ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ನಿಮ್ಮನ್ನು ನೋಡುವ ಡಾಕ್ಟರ್ ಮಾತೇ ಕೊನೆ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸಿಗುತ್ತದೆ, ಚೆನ್ನಾಗಿಯೇ. ಬುಕ್ ಮಾಡುವಾಗ ಮೊಟ್ಟೆ ಕೂಡ ಬೇಡ ಅಂತ ಬಿಡಿಸಿ ಹೇಳಿ. ಸೌತೆಕಾಯಿ ಸೂಪು, ಅನ್ನ, ಬೀನ್ಸ್, ಆಲೂಗಡ್ಡೆ, ಬಾಳೆಕಾಯಿ ಪಲ್ಯ, ಚಪಾತಿ. ಅಲ್ಲೂ ಅದನ್ನು ಚಪಾತಿ ಅಂತಲೇ ಕರೆಯುತ್ತಾರೆ. ಉಗಾಲಿ ಅಂತ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಇದೆ. ಅದು ಪೋರ್ಟರ್‌ಗಳ ಊಟ. ಕೇಳಿದರೆ ಖುಷಿಯಿಂದ ಕೊಡುತ್ತಾರೆ. ನಾನು ಕೈಯಲ್ಲಿ ಮುರಿದು ತಿನ್ನುವುದನ್ನು ನೋಡಿ ಅಡುಗೆಯವರು ನಕ್ಕುಬಿಟ್ಟರು, ಅವರೂ ಹಾಗೇ ತಿನ್ನುವುದು.

ಬೆಳಗ್ಗೆ ಕೊಡುವ ಗಂಜಿಯನ್ನು ಒಂದು ದಿನ ಬಾಯಿಗಿಟ್ಟಾಗ ನನಗೆ ಅನುಮಾನ ಬಂತು. ಕೇಳಿದರೆ ಉಲೇಜಿ ಅಂದರು. ಉಲೇಜಿ ಅಂದರೆ ರಾಗಿ! ರಾಗಿಯ ತವರೇ ಪೂರ್ವ ಆಫ್ರಿಕಾದ ಎತ್ತರದ ನಾಡು. ಅಲ್ಲಿಂದ ಸಾವಿರಾರು ವರ್ಷದ ಹಿಂದೆ ನಮ್ಮಲ್ಲಿಗೆ ಬಂತು. ಶಿರಾ ಕ್ಯಾಂಪಿನ ಚಳಿಯಲ್ಲಿ ಆ ಬಿಸಿ ಗಂಜಿ ಕುಡಿಯುವಾಗ ಕಣ್ಣು ತುಂಬಿ ಬಂತು.

4,000 ಮೀಟರ್ ಮೇಲೆ ನಾಲಿಗೆಗೆ ರುಚಿ ಹೋಗುತ್ತದೆ. ಆಗ ನಿಂಬೆಕಾಯಿ ಉಪ್ಪಿನಕಾಯಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಉಪಯೋಗಕ್ಕೆ ಬರುತ್ತವೆ. ಹಸಿವಿಲ್ಲದಿದ್ದರೂ ತಿನ್ನಲೇಬೇಕು. ನೀರು ದಿನಕ್ಕೆ ಮೂರು ನಾಲ್ಕು ಲೀಟರ್.

ಏನೇನು ಬಟ್ಟೆ ತೆಗೆದುಕೊಂಡು ಹೋಗಲಿ?

ಬುಡದಲ್ಲಿ ಸೆಕೆ, ತುದಿಯಲ್ಲಿ ಸೊನ್ನೆಗಿಂತ 10–20 ಡಿಗ್ರಿ ಕೆಳಗೆ. ಹಾಗಾಗಿ ಒಂದರ ಮೇಲೊಂದು ಹಾಕುವ, ತೆಗೆಯುವ ಬಟ್ಟೆ. ಮೈಗೆ ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ದಪ್ಪ ಡೌನ್ ಜಾಕೆಟ್, ಎಲ್ಲದರ ಮೇಲೆ ಗಾಳಿ ಮಳೆ ತಡೆಯುವ ಜರ್ಕಿನ್ ಮತ್ತು ಪ್ಯಾಂಟು. ಹತ್ತಿ ಬಟ್ಟೆ ಬೇಡವೇ ಬೇಡ, ಬೆವರಿಗೆ ಒದ್ದೆಯಾದರೆ ಒಣಗುವುದಿಲ್ಲ. ಎರಡು ಜೊತೆ ಗ್ಲೌಸ್, ಮಂಕಿ ಕ್ಯಾಪ್ (ನಮ್ಮಮ್ಮ ಹೆಣೆದಿದ್ದೇ ಎಲ್ಲಕ್ಕಿಂತ ಬೆಚ್ಚಗಿತ್ತು), ಕೂಲಿಂಗ್ ಗ್ಲಾಸ್, ಹೆಡ್‌ಲ್ಯಾಂಪ್ ಮತ್ತು ಬೇರೆ ಸೆಲ್ಲು, ನಡೆಯುವ ಕೋಲು. ಡೌನ್ ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಮೋಶಿಯಲ್ಲಿ ಬಾಡಿಗೆಗೆ ಸಿಗುತ್ತವೆ. ಶೂ ಮಾತ್ರ ಸ್ವಂತದ್ದು.

ಪ್ಲಾಸ್ಟಿಕ್ ಕೈಚೀಲ ಟಾಂಜಾನಿಯಾದಲ್ಲಿ 2019ರಿಂದ ನಿಷೇಧ. ಒಂದು ಸಲ ಕುಡಿದು ಎಸೆಯುವ ನೀರಿನ ಬಾಟಲಿಯನ್ನು ಬೆಟ್ಟಕ್ಕೂ ಬಿಡುವುದಿಲ್ಲ.

ಟಾಯ್ಲೆಟ್ ವ್ಯವಸ್ಥೆ? ಮುಟ್ಟಾದರೆ?

ಹೆಣ್ಣುಮಕ್ಕಳೆಲ್ಲ ಕೊನೆಗೆ, ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ಕ್ಯಾಂಪ್‌ಗಳಲ್ಲಿ ಗುಂಡಿಯ ಟಾಯ್ಲೆಟ್ ಇದೆ, ಸ್ವಚ್ಛ ಅಂತ ಹೇಳಲಾರೆ. ಸ್ವಲ್ಪ ಜಾಸ್ತಿ ಕೊಟ್ಟರೆ ಗುಂಪಿಗೇ ಒಂದು ಟಾಯ್ಲೆಟ್ ಟೆಂಟ್ ತರುತ್ತಾರೆ. ಆರು ಜನ ಹಂಚಿಕೊಂಡರೆ ಹೊರೆಯಲ್ಲ, ತೆಗೆದುಕೊಳ್ಳಿ. ಸ್ನಾನ ಇಲ್ಲ. ಬೆಳಗ್ಗೆ ಸಂಜೆ ಟೆಂಟಿನ ಮುಂದೆ ಬೋಗುಣಿಯಲ್ಲಿ "ಮಾಜಿ ಮೋಟೋ" ಅಂತ ಬಿಸಿನೀರು ಇಡುತ್ತಾರೆ.

ಎತ್ತರದಲ್ಲಿ ದಿನ ಹಿಂದೆ ಮುಂದೆ ಆಗುವುದು ಸಾಮಾನ್ಯ. ತಾರೀಖು ದೂರ ಇದ್ದರೂ ಪ್ಯಾಡ್ ಇಟ್ಟುಕೊಳ್ಳಿ. ಬಳಸಿದ್ದನ್ನು ಎರಡು ಕವರಿನಲ್ಲಿ ಕಟ್ಟಿ ಕೆಳಗೆ ತನ್ನಿ, ಗುಂಡಿಗೆ ಹಾಕಬೇಡಿ. ನನಗೆ ಬರಾಫುವಿನಲ್ಲಿ ಆಯಿತು. ಗೈಡ್‌ಗೆ ಹೇಳಿದೆ. ಅವರು ಮುಖ ತಿರುಗಿಸಲಿಲ್ಲ. ಒಂದು ಬಾಟಲಿ ಬಿಸಿನೀರು ಜಾಸ್ತಿ ಕಳಿಸಿದರು, ಹೊಟ್ಟೆಯ ಮೇಲೆ ಇಟ್ಟುಕೊಂಡು ಮಲಗಿದೆ. ಹತ್ತಬಹುದು. ಹತ್ತಿದೆ.

ತುದಿಗೆ ಹೋಗುವ ರಾತ್ರಿ ಹೇಗಿರುತ್ತದೆ?

ಕಷ್ಟ. ಸುಳ್ಳು ಹೇಳುವುದಿಲ್ಲ.

ಬರಾಫು ಅಂದರೆ ಮಂಜುಗಡ್ಡೆ, ಹಿಂದಿಯ ಬರ್ಫ್ ಅನ್ನುವ ಪದದ ನೆಂಟ. 4,600 ಮೀಟರ್ ದಾಟಿದ ಕಲ್ಲುರಾಶಿಯ ಮೇಲೆ ಕ್ಯಾಂಪು. ಸಂಜೆ ಆರಕ್ಕೆ ಮಲಗಿಸುತ್ತಾರೆ, ನಿದ್ದೆ ಬರುವುದಿಲ್ಲ. ಹನ್ನೊಂದಕ್ಕೆ ಎಬ್ಬಿಸಿ ಚಹಾ, ಬಿಸ್ಕತ್ತು ಕೊಡುತ್ತಾರೆ. ಹನ್ನೆರಡಕ್ಕೆ ಹೊರಡುತ್ತೀರಿ. 1,200 ಮೀಟರ್ ಏರು. ಆರೇಳು ಗಂಟೆ ಕತ್ತಲೆಯಲ್ಲಿ ಮುಂದಿನವರ ಹಿಮ್ಮಡಿ ನೋಡುತ್ತಾ ನಡೆಯುವುದು. ಕೊನೆಯ ಭಾಗದಲ್ಲಿ ಸಡಿಲ ಜಲ್ಲಿ. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಜಾರುತ್ತದೆ.

ಬ್ಯಾಗಿನೊಳಗಿನ ನೀರಿನ ಚೀಲದಿಂದ ಕುಡಿಯುವ ಪೈಪು ಹೆಪ್ಪುಗಟ್ಟುತ್ತದೆ. ಬಾಟಲಿಯಲ್ಲಿ ಬಿಸಿನೀರು ತುಂಬಿ, ಉಲ್ಲನ್ ಕಾಲುಚೀಲದೊಳಗೆ ತಲೆಕೆಳಗಾಗಿ ಇಡಿ. ಮಂಜು ಬಾಟಲಿಯ ಬುಡದ ಕಡೆ ಕಟ್ಟುತ್ತದೆ, ಬಾಯಿ ತೆರೆದಿರುತ್ತದೆ. ಫೋನನ್ನು ಮೈಗೆ ತಾಗಿಸಿ ಒಳಗಿಡಿ, ಇಲ್ಲದಿದ್ದರೆ ಬ್ಯಾಟರಿ ಸಾಯುತ್ತದೆ.

ಬೆಳಗಿನ ಜಾವ ನಾಲ್ಕರ ಹೊತ್ತಿಗೆ ನನ್ನ ಬಲಗೈ ಬೆರಳು ಇವೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಗ್ಲೌಸ್ ಜಿಪ್ ಎಳೆಯಲೂ ಆಗಲಿಲ್ಲ. ಗೈಡ್ ನಿಂತರು. ನನ್ನ ಗ್ಲೌಸ್ ಬಿಚ್ಚಿ, ಬೆರಳುಗಳನ್ನು ತಮ್ಮ ಎರಡು ಕೈಯೊಳಗೆ ಇಟ್ಟುಕೊಂಡು ಊದಿದರು, ಉಗುರು ಒತ್ತಿ ಬಣ್ಣ ನೋಡಿದರು. ಆಮೇಲೆ ತಮ್ಮ ಬೆಚ್ಚಗಿನ ಗ್ಲೌಸ್ ನನಗೆ ಹಾಕಿ, ನನ್ನದನ್ನು ಅವರು ಹಾಕಿಕೊಂಡರು. ಮಾತೇ ಇಲ್ಲ. ಮತ್ತೆ ಪೋಲೆ ಪೋಲೆ.

ಸುಮಾರು 5,750 ಮೀಟರ್ ಎತ್ತರದ ಸ್ಟೆಲ್ಲಾ ಪಾಯಿಂಟ್ ತಲುಪುವಾಗ ಮಾವೆಂಜಿಯ ಹಿಂದೆ ಬೆಳಕಾಗುತ್ತದೆ. ಅಲ್ಲಿಂದ ಉಹುರುಗೆ ಇನ್ನೊಂದು ಗಂಟೆ ಸಾಕು, ಏರು ಕಡಿಮೆ. ತುದಿಯಲ್ಲಿ ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲ. ಬೋರ್ಡಿನ ಮುಂದೆ ಫೋಟೋ, ಅಷ್ಟೇ. ಅದೇ ದಿನ 3,100 ಮೀಟರ್‌ನ ಮ್ವೇಕಾ ಕ್ಯಾಂಪ್‌ವರೆಗೆ ಇಳಿಯಬೇಕು. ಅರ್ಧ ಶಕ್ತಿ ಇಳಿಯಲು ಉಳಿಸಿಕೊಳ್ಳಿ.

ಅರ್ಧಕ್ಕೆ ಇಳಿಯಬೇಕಾಗಿ ಬಂದರೆ ದುಡ್ಡು ವಾಪಸ್?

ಬರುವುದಿಲ್ಲ. ಇಳಿಯಿರಿ ಅಂತ ಗೈಡ್ ಹೇಳಿದರೆ ವಾದ ಮಾಡಬೇಡಿ. ಇನ್ಶೂರೆನ್ಸ್ 6,000 ಮೀಟರ್‌ವರೆಗಿನ ಟ್ರೆಕ್ ಮತ್ತು ಹೆಲಿಕಾಪ್ಟರ್ ಎರಡಕ್ಕೂ ಅನ್ವಯಿಸುತ್ತದಾ ಅಂತ ಪಾಲಿಸಿಯಲ್ಲಿ ಓದಿಯೇ ತೆಗೆದುಕೊಳ್ಳಿ. ಎಷ್ಟೋ ಟ್ರಾವೆಲ್ ಪಾಲಿಸಿಗಳು ಅಷ್ಟು ಎತ್ತರಕ್ಕೆ ಬರುವುದಿಲ್ಲ.

ಮಂಜು ಕರಗಿ ಹೋಗಿದೆಯಂತೆ, ನಿಜವಾ?

ನಿಜ. 1912ರಲ್ಲಿ ಅಳೆದಾಗ ಇದ್ದ ಮಂಜುಗಡ್ಡೆಯಲ್ಲಿ ಶೇ. 80ಕ್ಕೂ ಹೆಚ್ಚು ಈಗ ಇಲ್ಲ. ಸ್ಟೆಲ್ಲಾದಿಂದ ಉಹುರುಗೆ ಹೋಗುವಾಗ ಎಡಗಡೆ ಉಳಿದಿರುವುದು ಕಾಣುತ್ತದೆ. ಮನೆಯಷ್ಟು ಎತ್ತರದ ನೀಲಿ ಬಿಳಿ ಗೋಡೆ, ಸುತ್ತ ಒಣ ಬೂದಿ ಮಣ್ಣು. 2050ರ ಹೊತ್ತಿಗೆ ಇದೂ ಇರುವುದಿಲ್ಲ ಅಂತ ಯುನೆಸ್ಕೋ 2022ರಲ್ಲಿ ಹೇಳಿದೆ. ಉಸಿರು ಸಿಗದಿದ್ದರೂ ಒಂದು ನಿಮಿಷ ನಿಂತು ನೋಡಿ.

ವೀಸಾ, ಲಸಿಕೆ?

ಇ-ವೀಸಾ ಆನ್‌ಲೈನ್‌ನಲ್ಲಿ ಆಗುತ್ತದೆ, 50 ಡಾಲರ್. ಆಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೇ ಹೊರಡಿ, ಕನಿಷ್ಠ 10 ದಿನ ಮೊದಲು. ಲಸಿಕೆ ಹಾಕಿದ್ದಕ್ಕೆ ಕೊಡುವ ಹಳದಿ ಪುಸ್ತಕ ಪಾಸ್‌ಪೋರ್ಟಿನ ಜೊತೆಗೇ ಇರಲಿ. ಅದಿಲ್ಲದೆ ಇಥಿಯೋಪಿಯಾ, ಕೀನ್ಯಾ ಮೂಲಕ ಭಾರತಕ್ಕೆ ಬಂದರೆ ಕ್ವಾರಂಟೈನ್ ಮಾಡುತ್ತಾರೆ. ಮೋಶಿಯಲ್ಲಿ ಸೊಳ್ಳೆ, ಮಲೇರಿಯಾ ಇದೆ. ಮಾತ್ರೆಯ ಬಗ್ಗೆ ಡಾಕ್ಟರನ್ನು ಕೇಳಿ.

ಫೋನ್ ಸಿಗ್ನಲ್?

ಅಲ್ಲಲ್ಲಿ ಸಿಗುತ್ತದೆ. ಚಾರ್ಜ್ ಮಾಡಲು ಕರೆಂಟ್ ನಂಬಬೇಡಿ, ಪವರ್ ಬ್ಯಾಂಕ್ ಇರಲಿ. ಮನೆಯವರಿಗೆ "ಫೋನ್ ಬರದಿದ್ದರೆ ಗಾಬರಿಯಾಗಬೇಡಿ" ಅಂತ ಮೊದಲೇ ಹೇಳಿ ಹೊರಡಿ.

ಇಳಿದ ಮೇಲೆ ನನ್ನ ಬಟ್ಟೆ, ಶೂ ಪೋರ್ಟರ್‌ಗಳಿಗೆ ಕೊಡಬಹುದಾ?

ಕೊಡಿ. ಹರಿದದ್ದು ಬೇಡ, ನೀವೇ ಇನ್ನೊಂದು ಸಲ ಹಾಕಿಕೊಳ್ಳುವಂಥದ್ದು. ಮೋಶಿಯ ಆ ಪೋರ್ಟರ್ ಸಂಸ್ಥೆಗೆ ಕೊಟ್ಟರೆ, ಬಟ್ಟೆ ಇಲ್ಲದವರಿಗೆ ಟ್ರೆಕ್ಕಿಗೆ ಬಿಟ್ಟಿ ಎರವಲು ಕೊಡುತ್ತಾರೆ. ಹೆಂಗಸರ ಶೂ ಅವರ ಕಾಲಿಗೆ ಹಿಡಿಯುವುದಿಲ್ಲ. ನನ್ನದು ಐದು ನಂಬರ್, ನನ್ನ ಬ್ಯಾಗು ಹೊತ್ತ ಹುಡುಗನದು ಒಂಬತ್ತು. ಜಾಕೆಟ್ ಕೊಟ್ಟು ಬಂದೆ, ಶೂ ಕೊಡಲು ಆಗಲಿಲ್ಲ. ಹಾಗಾಗಿ ಹೊರಡುವ ಮುಂಚೆ ಮನೆಯಲ್ಲಿ ಹುಡುಕಿ. ಗಂಡಸರ ಎಂಟು, ಒಂಬತ್ತು, ಹತ್ತು ನಂಬರಿನ ಗಟ್ಟಿ ಶೂ ಇದ್ದರೆ ಒಂದು ಜೊತೆ ಬ್ಯಾಗಿಗೆ ಹಾಕಿಕೊಳ್ಳಿ.